ಕುಸಿದ ಬಾವಿಗೆ ಒಡೆಯದ ಕಾಯಿ

"ಅಜ್ಜಾರ, ನನಗಾದ ಕೇಡಿಗೆ ನಾ ಕೈ ಮುಗೀಬೇಕೇನ್ರಿ?"

ಮುರಿಗೆಪ್ಪ ಹೀಗೆ ಕೇಳಿದಾಗ ಮಠದ ಸ್ವಾಮಿಗಳಾದ ಅಜ್ಜನವರು ಪಡಸಾಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ಅವರು ತಲೆ ಎತ್ತಲಿಲ್ಲ. ಕೇಳಿದವನ ಹೊಟ್ಟೆಯಲ್ಲಿ ಇನ್ನೂ ಮಾತು ಉಳಿದಿದೆ ಎಂದು ಅವರಿಗೆ ಗೊತ್ತಿತ್ತು.

ಉಳಿದಿತ್ತು. ಮುರಿಗೆಪ್ಪ ಚಿಕ್ಕವನಿದ್ದಾಗ ಹೊಳೆ ಉಕ್ಕಿ ಊರೊಳಗೆ ನುಗ್ಗಿತ್ತು. ಮನೆ ಹೋಯಿತು. ಅವನ ಕೈ ಹಿಡಿದುಕೊಂಡಿದ್ದ ತಂಗಿ ಹೋದಳು. ಅವಳ ಹೆಸರನ್ನು ಅವನು ಮತ್ತೆ ಯಾರ ಮುಂದೆಯೂ ಎತ್ತಿರಲಿಲ್ಲ. ಹೊಟ್ಟೆಗೆ ಗತಿಯಿಲ್ಲದೆ ಅವ್ವ ಅವನನ್ನು ಮಠಕ್ಕೆ ತಂದು ಬಿಟ್ಟಳು. ಇಲ್ಲಿ ಅವನು ಓದಿದ, ಬೆಳೆದ. ಈಗ ಮಠದ ಶಾಲೆಗೆ ಅವನೇ ಹಿರಿಯ ಮಾಸ್ತರ. ದಿಕ್ಕಿಲ್ಲದ ಮಕ್ಕಳನ್ನು ಹುಡುಕಿ ಕರೆತಂದು ಓದಿಸುತ್ತಾನೆ. ಅದಕ್ಕಾಗಿ ಸುತ್ತಲಿನ ಊರಿನವರು ಸೇರಿ ಅವನಿಗೊಂದು ಸನ್ಮಾನ ಮಾಡಿದ್ದರು. ಶಾಲು ಹೊದಿಸಿದ ಮೇಲೆ ಹಿರಿಯರೊಬ್ಬರು ಭಾಷಣಕ್ಕೆ ನಿಂತು, ಅಂದು ಹೊಳೆ ಬಂದದ್ದೇ ಒಳ್ಳೆಯದಾಯಿತು, ಆ ಹೊಳೆಯೇ ಇವರ ಮೊದಲ ಗುರು ಎಂದರು. ಜನ ಚಪ್ಪಾಳೆ ತಟ್ಟಿದರು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಮುರಿಗೆಪ್ಪನ ಕೈಗಳು ಆ ಮಾತಿಗೆ ಮುಗಿದುಕೊಂಡಿದ್ದವು.

"ಹೊಳಿ ಬರದಿದ್ದರ ನಾ ಎಮ್ಮಿ ಕಾಯ್ಕೊಂಡು ಇರ್ತಿದ್ದೆ. ಅದು ಖರೆನ ಐತ್ರಿ," ಎಂದ ಮುರಿಗೆಪ್ಪ. "ಆದರ ಒಳ್ಳೇದಾತು ಅಂದ್ರ ನನ್ನ ತಂಗಿ ಸತ್ತದ್ದು ಒಳ್ಳೇದಾತು ಅಂದಂಗ. ಕೆಟ್ಟದ್ದಾತು ಅಂತ ಅಷ್ಟ ಅಂದ್ರ ಈ ಮಕ್ಕಳ ಮಾರಿ ನೋಡಾಕ ಆಗವಲ್ದು. ಅವತ್ತಿನಿಂದ ಉಂಡ ಕೂಳು ಮೈಗೆ ಹತ್ತವಲ್ದ್ರಿ."

ಅಜ್ಜನವರು ಶೇಂಗಾದ ಅರ್ಧ ರಾಶಿಯನ್ನು ಅವನ ಕಡೆ ತಳ್ಳಿದರು.

"ಮದಲ ಇದನ್ನ ಸುಲಿ. ಕೈಗೆ ಕೆಲಸ ಇದ್ರ ಕಿವಿ ಛಲೋ ಕೇಳ್ತಾವ."

ಮುರಿಗೆಪ್ಪ ಸುಲಿಯತೊಡಗಿದ. ಅಜ್ಜನವರು ಹೇಳಿದ ಕತೆ ಇದು.

ಎರೆಮಣ್ಣಿನ ಸೀಮೆಯಲ್ಲಿ ಒಬ್ಬ ಬಾವಿ ತೋಡುವವನಿದ್ದ. ಅವನಿಗೆ ಒಬ್ಬ ಹೆಂಡತಿ, ಒಬ್ಬ ತಮ್ಮ. ತಮ್ಮನ ಹೆಸರು ಹುಲುಗಪ್ಪ. ಅಣ್ಣ ತಮ್ಮ ಕೂಡಿ ತೋಡುತ್ತಿದ್ದರು, ಕೂಡಿ ಉಣ್ಣುತ್ತಿದ್ದರು, ಕೂಡಿಯೇ ಆ ಹೆಂಗಸಿನ ಕೈಯಲ್ಲಿ ಬೈಸಿಕೊಳ್ಳುತ್ತಿದ್ದರು. ಅವರಿಗೆ ದೊಡ್ಡ ಹೆಸರೇನೂ ಇರಲಿಲ್ಲ. ಹತ್ತರ ಜೊತೆ ಹನ್ನೊಂದು ಎನ್ನುವಂಥ ಕೆಲಸಗಾರರು. ಆದರೆ ಅವರ ಮನೆಯಲ್ಲಿ ನಗು ಇತ್ತು.

ಬಾವಿ ತೋಡುವವರಲ್ಲಿ ಒಂದು ಪದ್ಧತಿಯುಂಟು. ಆಳಕ್ಕೆ ಇಳಿದವನು ಮೇಲಿನವರ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಮಣ್ಣಿನ ಬುಟ್ಟಿ ಎಳೆಯುವ ಮೊದಲು ಮೇಲಿದ್ದವರು ಅವನ ಹೆಸರು ಹಿಡಿದು ಕೂಗಬೇಕು. ಅವನು "ಓ" ಎನ್ನಬೇಕು. ಓಗೊಡದಿದ್ದರೆ ಬುಟ್ಟಿಯನ್ನು ಬಿಟ್ಟು ಮನುಷ್ಯನನ್ನು ಎಳೆಯಬೇಕು. ಎಂಥ ಅವಸರದಲ್ಲೂ ಅವರು ಈ ಪದ್ಧತಿಯನ್ನು ಬಿಡುತ್ತಿರಲಿಲ್ಲ.

ಒಂದು ದಿನ ಅಣ್ಣ ತಮ್ಮ ಇಬ್ಬರೂ ಕೆಳಗಿದ್ದಾಗ ಬಾವಿಯ ಗೋಡೆ ಕುಸಿಯಿತು. ಅಣ್ಣ ಎದೆಮಟ್ಟ ಹೂತುಹೋದ. ತಮ್ಮ ಪೂರ್ತಿ ಮಣ್ಣಿನೊಳಗಾದ. "ಹುಲುಗಾ" ಎಂದು ಅಣ್ಣ ಕೂಗಿದ. ಮಣ್ಣಿನ ಸಂದಿಯಿಂದ "ಓ" ಎಂದು ಕೇಳಿಸಿತು. ಮತ್ತೆ ಕೂಗಿದ, ಮತ್ತೆ ಓಗೊಟ್ಟ. ಆಮೇಲೆ ಎಷ್ಟು ಕೂಗಿದರೂ ಓ ಬರಲಿಲ್ಲ. ಜನ ಹಗ್ಗ ಹಾಕಿ ಎಳೆದಾಗ ಜೀವಂತವಾಗಿ ಮೇಲೆ ಬಂದವನು ಅಣ್ಣ ಒಬ್ಬನೇ.

ಅಂದಿನಿಂದ ಅವನು ಬಾವಿಯ ಕೆಲಸ ಬಿಟ್ಟ. ಅಷ್ಟೇ ಆಗಿದ್ದರೆ ಬೇರೆ ಕೆಲಸ ಹಿಡಿಯಬಹುದಿತ್ತು. ಬಾಗಿಲು ಹಾಕಿದ ಕೋಣೆಯಲ್ಲಿ ಕೂಡಲೂ ಅವನಿಂದ ಆಗುತ್ತಿರಲಿಲ್ಲ. ಉಣ್ಣುವುದು, ಮಲಗುವುದು ಎಲ್ಲ ಹೊರಗಿನ ಕಟ್ಟೆಯ ಮೇಲೆ. ತಮ್ಮನ ಹೆಸರನ್ನು ಯಾರಾದರೂ ಎತ್ತಿದರೆ ಎದ್ದು ಹೋಗುತ್ತಿದ್ದ. ಅತ್ತರೆ ಹಗುರಾಗುತ್ತದೆ ಎನ್ನುತ್ತಾರೆ. ಅವನಿಗೆ ಅಳುವೂ ಬರಲಿಲ್ಲ. ಊರಿನವರು ಬಂದು ಧೈರ್ಯ ತಂದುಕೋ ಎಂದು ಹೇಳಿ ಹೋದರು. ಹೇಳುವವರ ಗಂಟೇನು ಹೋಗಬೇಕು? ಧೈರ್ಯ ಎಲ್ಲಿಂದ ತರಬೇಕೆಂದು ಒಬ್ಬರೂ ಹೇಳಲಿಲ್ಲ.

ಅವನ ಹೆಂಡತಿ ಮಾತ್ರ ಧೈರ್ಯದ ಸುದ್ದಿಗೇ ಹೋಗಲಿಲ್ಲ. ಒಂದು ದಿನ ಎಲ್ಲಿಂದಲೋ ಕರಿಬೇವಿನ ಸಸಿ ತಂದಳು.

"ಇದಕ್ಕೊಂದು ಕುಣಿ ತೋಡಿ ಕೊಡ್ರಿ."

"ನನ್ನ ಕೈಲೆ ಆಗೂದಿಲ್ಲ."

"ಬಾವಿ ತೋಡಾಕ ಆಗೂದಿಲ್ಲ ಅಂದ್ರ ಒಪ್ಪೇನಿ. ಗೇಣುದ್ದ ಕುಣಿ ತೋಡಾಕ ಏನು ಧಾಡಿ ನಿಮಗ?"

ಬೈಗುಳ ತಪ್ಪಿದರೆ ಸಾಕೆಂದು ಅವನು ತೋಡಿದ. ನಾಲ್ಕು ಸಲ ಗುದ್ದಲಿ ಕೆಳಗಿಟ್ಟು ಮತ್ತೆ ಎತ್ತಿಕೊಂಡ. ಸಸಿ ನೆಟ್ಟಾಯಿತು. ಮುಂದೆ ನಿಂಬೆಯ ಸಸಿ ಬಂತು, ಅದಕ್ಕೆ ಇನ್ನಷ್ಟು ಆಳ ಬೇಕೆಂದಳು. ನುಗ್ಗೆ ಬಂತು. ಮಾವು ಬಂತು. ಮಾವಿಗೆ ಅಷ್ಟು ಆಳ ಯಾಕೆ ಬೇಕು ಎಂದು ಅವನು ಕೇಳಲಿಲ್ಲ. ಅವನಿಗೂ ತಿಳಿದಿತ್ತು ಎಂದು ಕಾಣುತ್ತದೆ. ಕುಣಿ ಮೊಣಕಾಲಿಗೆ ಬಂತು, ನಡುವಿನವರೆಗೆ ಬಂತು. ಗಂಡನ ಹೆಸರನ್ನು ಬಾಯಲ್ಲಿ ತರಬಾರದ ಸೀಮೆ ಅದು. ಆದರೂ ಆ ಹೆಂಗಸು ಕುಣಿಯ ದಂಡೆಯಲ್ಲಿ ಕಾಳು ಹಸನು ಮಾಡುತ್ತ ಕುಳಿತು, ಬುಟ್ಟಿ ಎತ್ತುವ ಮೊದಲು ಗಂಡನ ಹೆಸರು ಹಿಡಿದು ಗಟ್ಟಿಯಾಗಿ ಕೂಗುತ್ತಿದ್ದಳು. ಅವಳ ಮೂಗಿನ ಮುಂದೆಯೇ ನಿಂತಿದ್ದ ಗಂಡ "ಓ" ಎನ್ನುತ್ತಿದ್ದ. ನೆರೆಮನೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ ಬಿಡಿ ಎಂದಳು.

ಇಲ್ಲಿ ಮುರಿಗೆಪ್ಪನೂ ನಕ್ಕ. ಅಜ್ಜನವರು ಒಂದು ಶೇಂಗಾಕಾಳನ್ನು ಬಾಯಿಗೆ ಹಾಕಿಕೊಂಡು ಅವನ ನಗು ನಿಲ್ಲುವವರೆಗೆ ಅಗಿದರು.

ಹಿತ್ತಲು ತೋಟವಾಗುವ ಹೊತ್ತಿಗೆ ಅವನು ಮತ್ತೆ ಬಾವಿಗೆ ಇಳಿದ. ಅಂಜಿಕೆ ಹೋಗಿರಲಿಲ್ಲ. ಸುತ್ತಲೂ ಗೋಡೆಯಿಲ್ಲದೆ ಒಂದು ಮೊಳವೂ ಇಳಿಯಲಾರೆ ಎಂದ. ಎಲ್ಲರೂ ಬಾವಿ ತೋಡಿ ಮುಗಿಸಿದ ಮೇಲೆ ಕಲ್ಲು ಕಟ್ಟುತ್ತಾರೆ. ಇವನು ಮೊದಲೇ ಕಟ್ಟತೊಡಗಿದ. ನೆಲದ ಮೇಲೆ ಮರದ ದೊಡ್ಡ ಬಳೆಯನ್ನಿಟ್ಟು, ಅದರ ಮೇಲೆ ಕಲ್ಲು ಕಟ್ಟಿ, ಒಳಗೆ ನಿಂತು ಅಡಿಯ ಮಣ್ಣು ತೆಗೆಯುತ್ತಿದ್ದ. ಗೋಡೆ ತನ್ನ ಭಾರಕ್ಕೆ ತಾನೇ ಕೆಳಗಿಳಿಯುತ್ತಿತ್ತು. ಇಳಿದಷ್ಟೂ ಮೇಲೆ ಮತ್ತೆ ಕಲ್ಲು ಕಟ್ಟುತ್ತಿದ್ದರು. ಹೀಗೆ ತನ್ನ ಅಂಜಿಕೆಗೂ ಅವನೊಂದು ಕೆಲಸ ಕೊಟ್ಟ.

ಅವನ ಬಾವಿಗಳು ಕುಸಿಯಲಿಲ್ಲ. ಅವನ ಕೈಕೆಳಗೆ ಯಾರೂ ಸಾಯಲಿಲ್ಲ. ಕೇಳಿದವರಿಗೆಲ್ಲ ಕಲಿಸಿದ. ಹೊಸಬ ಇಳಿಯಲು ಹಿಂಜರಿದರೆ ನಗುತ್ತಿರಲಿಲ್ಲ. ತಾನೂ ಜೊತೆಗೆ ಇಳಿಯುತ್ತಿದ್ದ. ದೂರದ ಊರುಗಳಿಂದ ಬಂಡಿ ಕಟ್ಟಿಕೊಂಡು ಬಂದು ಅವನನ್ನು ಕರೆದೊಯ್ಯುತ್ತಿದ್ದರು. ಆದರೂ ಕೆಲವು ದಿನ ಬಾವಿಯ ದಂಡೆಯವರೆಗೆ ಹೋಗಿ ತಿರುಗಿ ಬಂದು ಅದೇ ಕಟ್ಟೆಯ ಮೇಲೆ ಕೂಡುತ್ತಿದ್ದ. ಅಂಥ ದಿನ ಅವನ ಹೆಂಡತಿ ಬೈಯುತ್ತಿರಲಿಲ್ಲ. ರೊಟ್ಟಿಯ ತಟ್ಟೆಯನ್ನು ಅಲ್ಲಿಗೇ ತಂದಿಡುತ್ತಿದ್ದಳು.

ಈಗ ಊರಿನವರ ಜಾಣತನ ನೋಡು. ಅವರು ಕೂಡಿ ಯೋಚನೆ ಮಾಡಿದರು. ಬಾವಿ ತೋಡುವವರು ಬಹಳ ಜನ ಇದ್ದಾರೆ, ದೊಡ್ಡವನಾದವನು ಇವನೊಬ್ಬನೇ. ಉಳಿದವರಿಗೆ ಆಗದೆ ಇವನಿಗೆ ಆದದ್ದೇನು? ಇವನು ಮಣ್ಣಿನಲ್ಲಿ ಹೂತಿದ್ದ. ಹಾಗಾದರೆ ಇವನನ್ನು ದೊಡ್ಡವನನ್ನಾಗಿ ಮಾಡಿದ್ದು ಆ ಕುಸಿದ ಬಾವಿಯೇ! ಕುಸಿದ ಜಾಗದಲ್ಲಿ ಒಂದು ಕಲ್ಲು ನೆಟ್ಟು ಕುಂಕುಮ ಹಚ್ಚಿದರು. ಹೊಸದಾಗಿ ಕೆಲಸ ಕಲಿಯುವವರನ್ನು ಅದರ ಮುಂದೆ ಕುಣಿಯಲ್ಲಿ ನಿಲ್ಲಿಸಿ ಎದೆಮಟ್ಟ ಮಣ್ಣು ತುಂಬಬೇಕು, ಅದೇ ಅವರಿಗೆ ದೀಕ್ಷೆ ಎಂದು ನೇಮ ಮಾಡಿದರು. ಮೊದಲ ದೀಕ್ಷೆಯ ದಿನ ಕಾಯಿ ಒಡೆಯಲು ಬಾವಿ ತೋಡುವವನನ್ನೇ ಕರೆದರು. ಕುಸಿದ ಬಾವಿಗೆ ಪೂಜೆ ಇದೆ, ಬಾ ಎಂದಷ್ಟೇ ಹೇಳಿದರು.

ಪಾಪ, ಅವನು ಬೇರೆ ತಿಳಿದುಕೊಂಡ. ಊರಿನವರು ತನ್ನ ತಮ್ಮನನ್ನು ನೆನೆಯುತ್ತಿದ್ದಾರೆ ಎಂದುಕೊಂಡ. ಹೆಂಡತಿ ಮೈದುನನಿಗೆ ಇಷ್ಟವಾದ ಗೋಧಿಹುಗ್ಗಿಯನ್ನು ದೊಡ್ಡ ಪಾತ್ರೆಯ ತುಂಬ ಮಾಡಿದಳು. ಇಬ್ಬರೂ ಹೊತ್ತುಕೊಂಡು ಹೋದರು.

ಹೋಗಿ ನೋಡಿದರೆ ಕುಣಿಯಲ್ಲಿ ಒಬ್ಬ ತರುಣ ಎದೆಮಟ್ಟ ಹೂತು ನಿಂತಿದ್ದಾನೆ. ಅವನ ತುಟಿ ಬೆಳ್ಳಗಾಗಿದೆ. ಹೆತ್ತ ತಂದೆಯೇ ಹೆಮ್ಮೆಯಿಂದ ಅವನ ಹೆಗಲು ಒತ್ತಿ ಹಿಡಿದಿದ್ದಾನೆ. ಊರ ಗೌಡ ಬಾವಿ ತೋಡುವವನ ಕೈಗೆ ಕಾಯಿ ಕೊಟ್ಟ.

ಕಾಯಿ ಅವನ ಕೈಯಿಂದ ಬಿತ್ತು. ಮೊಣಕಾಲೂರಿ ಕುಳಿತು ಎರಡೂ ಕೈಯಿಂದ ಮಣ್ಣು ಬಾಚತೊಡಗಿದ. ತಡೆಯಲು ಬಂದವರು ಅವನ ಮುಖ ನೋಡಿ ಹಿಂದೆ ಸರಿದರು. ತರುಣನನ್ನು ಕಂಕುಳಲ್ಲಿ ಹಿಡಿದು ಮೇಲೆತ್ತಿ, ತನ್ನ ಕಂಬಳಿ ಹೊದಿಸಿ, ಹೆಂಡತಿಯ ಪಕ್ಕದಲ್ಲಿ ಕೂರಿಸಿದ. ಆಮೇಲೆ ಗೌಡನ ಕಡೆ ತಿರುಗಿದ.

ಗೌಡನಿಗೆ ಸಿಟ್ಟು ಬಂದಿತ್ತು. "ಎದಿ ಮುಟ್ಟಿ ಹೇಳು. ಅವತ್ತು ಈ ಮಣ್ಣು ಕುಸೀದಿದ್ದರ ನೀ ಇಷ್ಟು ದೊಡ್ಡಾಂವ ಆಗ್ತಿದ್ದೇನು?"

"ಆಗ್ತಿರಲಿಲ್ರಿ ಗೌಡ್ರ. ನನ್ನ ತಮ್ಮ ಇರ್ತಿದ್ದ. ಇಬ್ಬರೂ ಕೂಡಿ ಸಣ್ಣವರಾಗೇ ಇರ್ತಿದ್ವಿ. ಈಗ್ಲೂ ಅವನ್ನ ತಿರುಗಿ ಕೊಡ್ತೀನಿ ಅಂದ್ರ, ಈ ದೊಡ್ಡಸ್ತಿಕಿ ಎಲ್ಲಾ ನಿಮ್ಮ ಕಾಲಾಗ ಇಟ್ಟು ಅವನ ಕೈ ಹಿಡಕೊಂಡು ಮನಿಗೆ ಹೋಗ್ತೀನಿ."

"ಹಂಗಾರ ನೀ ತೋಡಿದ ಬಾವಿ ಎಲ್ಲಾ ಸುಳ್ಳೇನು?"

"ಬಾವಿ ಖರೆ ಅದಾವ್ರಿ. ನೀರು ಸಿಹಿ ಐತಿ, ನಾನೂ ಕುಡೀತೀನಿ. ಆದರ ಆ ಬಾವಿ ತೋಡಿದಾಂವ ನಾನು. ಈ ಕುಸಿದ ಕುಣಿ ಅಲ್ಲ."

ಬಾವಿ ತೋಡುವವನು ಕುಸಿದ ಜಾಗದ ದಂಡೆಗೆ ಹೋಗಿ ನಿಂತ. ಅಷ್ಟು ವರ್ಷ ಬಾಯಲ್ಲಿ ತಾರದ ಹೆಸರನ್ನು ಅಂದು ಗಂಟಲು ಬಿಚ್ಚಿ ಕೂಗಿದ. "ಹುಲುಗಾ!" ಎಂದ. ಓ ಬರುವುದಿಲ್ಲ ಎಂದು ಗೊತ್ತಿದ್ದೇ ಕೂಗಿದ. ಬರಲಿಲ್ಲ. ಅವನು ಅಲ್ಲಿಯೇ ಕುಳಿತು, ತಮ್ಮ ಸತ್ತಾಗ ಬಾರದ ಅಳುವನ್ನೆಲ್ಲ ಊರಿನ ಎದುರಿಗೆ ಅತ್ತ. ಹೆಂಡತಿ ಪಕ್ಕಕ್ಕೆ ಬಂದು ಕುಳಿತಳು, ಸುಮ್ಮನಿರು ಎನ್ನಲಿಲ್ಲ. ಅಳು ತಾನಾಗಿ ನಿಂತ ಮೇಲೆ ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು ಎಲ್ಲರಿಗೂ ಹುಗ್ಗಿ ಬಡಿಸಿದಳು. ಗೌಡನಿಗೆ ಒಂದಿಷ್ಟು ಕಡಿಮೆ ಬಡಿಸಿದಳು. ಆ ದಿನ ಬಾವಿ ತೋಡುವವನು ಎರಡು ಸಲ ಕೇಳಿ ಬಡಿಸಿಕೊಂಡು ಉಂಡ.

ಕತೆ ಇಲ್ಲಿಗೆ ನಿಂತಿತು. ಅಜ್ಜನವರು ಸಿಪ್ಪೆಯನ್ನು ಒಂದು ಕಡೆ ಗುಡಿಸುತ್ತಿದ್ದರು.

"ಹಂಗಾರ ನಾ ಏನು ಮಾಡ್ಲಿ ಅಜ್ಜಾರ? ಹೊಳಿಗೆ ಕೈ ಮುಗೀಲೋ, ಬ್ಯಾಡೋ?"

ಅಜ್ಜನವರು ಕೈ ಒರೆಸಿಕೊಂಡರು. ಅವನ ಮುಖವನ್ನು ಪ್ರೀತಿಯಿಂದ ನೋಡುತ್ತ ಮೆಲ್ಲಗೆ ಕೇಳಿದರು:

"ನಿನ್ನ ತಂಗೀನ ಮನ್ಯಾಗ ಏನಂತ ಕರೀತಿದ್ರಪ್ಪಾ?"