ಎಣ್ಣೆ ಒಲ್ಲದ ಬಿಲ್ಲೆ

ಬಹಳ ಹಿಂದಿನ ಮಾತು. ಹೊಳೆದಂಡೆಯಲ್ಲಿ ಒಂದು ಊರು. ಹೆಸರು ಬೇಡ, ಹೇಳಿದರೆ ಸುತ್ತಲಿನ ಮೂರು ಊರಿನವರು ತಮ್ಮದೇ ಎಂದು ಜಗಳಕ್ಕೆ ಬರುತ್ತಾರೆ. ಆ ಊರಿನ ಗಂಡಸರೆಲ್ಲ ಕಲ್ಲು ಒಡೆಯುವವರು, ಉಳಿ ತಾಗದ ಕೈಕಾಲು ಒಂದೂ ಇರಲಿಲ್ಲವಂತೆ. ಗಾಯ ಕೀವು ಕಟ್ಟಿದರೆ ಕೈ ಹೋಗುತ್ತಿತ್ತು, ಒಮ್ಮೊಮ್ಮೆ ಆಳೇ ಹೋಗುತ್ತಿದ್ದ.

ಅಲ್ಲಿ ತಿಪ್ಪವ್ವ ಎಂಬ ಕುಂಬಾರಗಿತ್ತಿ ಇದ್ದಳಂತೆ. ಮಣ್ಣು ಜರಡಿ ಹಿಡಿಯಲು ಅವಳಿಗೆ ಬೇಸರ. ಭತ್ತದ ಹೊಟ್ಟು, ಹಳ್ಳದ ಕೆಂಪು ಮರಳು ಎಲ್ಲ ಇದ್ದಹಾಗೇ ಕಲಸುತ್ತಿದ್ದಳು. ಮಡಕೆ ಸುಡುವ ಆವಿಗೆಯಲ್ಲಿ ಹೊಟ್ಟು ಸುಟ್ಟುಹೋಗಿ ಗಡಿಗೆಯ ಮೈತುಂಬ ಸಣ್ಣ ತೂತು. ತಿಪ್ಪವ್ವನ ಗಡಿಗೆ ಮನೆಗಿಂತ ದಾರಿಗೇ ಹೆಚ್ಚು ನೀರು ಕೊಡುತ್ತದೆ ಎಂದು ಹೆಂಗಸರು ನಗುತ್ತಿದ್ದರಂತೆ. ಒಡೆದ ಚೂರುಗಳನ್ನು ಅವಳು ಅಂಗಳದ ಬಿಸಿಲಲ್ಲಿದ್ದ ಕೋಳಿಗಳ ನೀರಿನ ಬಾನಿಗೆ ಎಸೆಯುತ್ತಿದ್ದಳು.

ಒಂದು ದಿನ ಕಾಲು ಕೊಳೆತ ಹುಂಜವೊಂದು ಆ ಬಾನಿಯಲ್ಲಿ ಇಳಿದು ನಿಂತಿತು. ಗಾಯದ ಸುತ್ತ ಬಿಳಿ ನೊರೆ ಎದ್ದಿತು. ನಾಲ್ಕು ದಿನಕ್ಕೆ ಹುಂಜ ಮಾಡು ಹತ್ತಿ ಕೂಗಿತಂತೆ. ತಿಪ್ಪವ್ವ ಸೋಮಾರಿಯೇ ಹೊರತು ದಡ್ಡಿಯಲ್ಲ. ಗುಣ ಬಾನಿಯೊಳಗಿನ ಚೂರುಗಳದ್ದೆಂದು ತಿಳಿದು, ಅದೇ ಮಣ್ಣಿನಲ್ಲಿ ಅಂಗೈಯಗಲದ ಬಿಲ್ಲೆ ಮಾಡಿ ಸುಟ್ಟಳು. ಅದನ್ನು ನೀರಲ್ಲಿ ಮುಳುಗಿಸಿ ಬಿಸಿಲಿಗಿಟ್ಟರೆ ಮಧ್ಯಾಹ್ನದೊಳಗೆ ನೀರಿಗೆ ಗುಣ ಬರುತ್ತಿತ್ತು. ಮೋಡ ಮುಚ್ಚಿದ ದಿನ ಬರುತ್ತಿರಲಿಲ್ಲ. ಆ ನೀರು ಬಿದ್ದರೆ ಗಾಯ ಚುರ್ರೆಂದು ನೊರೆಯೆದ್ದು, ಆಮೇಲೆ ಒಣಗುತ್ತಿತ್ತು. ಏಳು ಹಳ್ಳಿಯ ಜನ ಬಂದರಂತೆ. ಕುಂಟುವ ಆನೆಯೂ ಬಂತಂತೆ, ಆನೆಯ ಮಾತು ಅಷ್ಟಕ್ಕಷ್ಟೆ.

ಒಮ್ಮೆ ತಿಪ್ಪವ್ವ ಬಿಲ್ಲೆಯನ್ನು ಊರಿಗೆ ಒಪ್ಪಿಸಿ, ತಂಗಿಯ ಬಾಣಂತನಕ್ಕೆ ಹೋಗಿ ಎರಡು ತಿಂಗಳು ನಿಂತಳು. ಊರವರು ಸುಮ್ಮನಿರಬೇಕಲ್ಲ. ದಿನಾ ಎಣ್ಣೆ ಎರೆದು, ಅರಿಸಿನ ಬಳಿದು, ಕುಂಕುಮವಿಟ್ಟು ಪೂಜೆ ಮಾಡಿದರು. ಬಿಲ್ಲೆ ಮಿರಮಿರ ಮಿಂಚತೊಡಗಿತು.

ಅವಳು ಮರಳಿದ ದಿನವೇ ಅವಳ ತಮ್ಮ ಹುಲಿಗೆಪ್ಪನ ಪಾದಕ್ಕೆ ಉಳಿ ನಾಟಿತು. ತಾಯಿ ಸತ್ತ ಮೇಲೆ ಅವಳೇ ಎತ್ತಿ ಆಡಿಸಿದ ತಮ್ಮ. ಬಿಲ್ಲೆಯ ನೀರು ಸುರಿದರು, ನೊರೆಯಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಬೆರಳು ಕಪ್ಪಾಯಿತು. ಬಿಲ್ಲೆಯೊಳಗಿನ ದೇವಿ ಮುನಿದಿದ್ದಾಳೆ, ಇನ್ನಷ್ಟು ಎಣ್ಣೆ ಎರೆಯಿರಿ ಎಂದರು ಹಿರಿಯರು. ಹೊಸ ಬಿಲ್ಲೆ ಒಣಗಿಸಿ ಸುಡಲು ಎಂಟು ದಿನ ಬೇಕು. ಕಾಲಿಗೆ ಅಷ್ಟು ದಿನವಿರಲಿಲ್ಲ. ತಿಪ್ಪವ್ವ ಬಿಲ್ಲೆಯ ಮುಂದೆ ಕುಳಿತಳು.

ಕಣ್ಣೀರು ಒರೆಸಿಕೊಳ್ಳುವಾಗ ಒಂದು ಹನಿ ಬಿಲ್ಲೆಯ ಮೇಲೆ ಬಿತ್ತಂತೆ. ಮೊದಲಾಗಿದ್ದರೆ ಬಿಲ್ಲೆ ಅದನ್ನು ಹೀರಿಬಿಡುತ್ತಿತ್ತು. ಹನಿ ಉರುಳಿ ಕೆಳಗೆ ಬಿತ್ತು. ತಿಪ್ಪವ್ವ ಬಿಲ್ಲೆಯನ್ನು ಎತ್ತಿಕೊಂಡು ನೆಟ್ಟಗೆ ಆವಿಗೆಗೆ ನಡೆದಳು. ದೇವರನ್ನು ಸುಡುತ್ತಾಳೆಂದು ಊರೇ ಅಡ್ಡ ನಿಂತಿತು.

"ದೇವರಾದ್ರ ಬೆಂಕಿಗೆ ಅಂಜಂಗಿಲ್ಲ. ಬಿಲ್ಲಿಯಾದ್ರ ಅದು ಹುಟ್ಟಿದ್ದ ಅಲ್ಲೆ. ಸರೀರಿ," ಎಂದಳಂತೆ.

ಎಣ್ಣೆಯೆಲ್ಲ ಉರಿದು ತೂತುಗಳು ತೆರೆದವು. ಮರುದಿನ ಮಧ್ಯಾಹ್ನ ಹುಲಿಗೆಪ್ಪನ ಪಾದದಲ್ಲಿ ನೊರೆ ಎದ್ದಿತು. ಎರಡು ಬೆರಳು ಹೋದವು, ಕಾಲು ಉಳಿಯಿತು.

ಇವತ್ತಿಗೂ ಆ ಊರಿನ ಬೇವಿನ ಕಟ್ಟೆಯ ಮೇಲೆ ಒಂದು ಬಿಲ್ಲೆಯಿದೆಯಂತೆ. ಹೂವಿಲ್ಲ, ದೀಪವಿಲ್ಲ. ಕಲ್ಲಿನ ಕೆಲಸಕ್ಕೆ ಹೊರಟವರು ಅದರ ಮೇಲೆ ಒಂದು ಹನಿ ನೀರು ಬಿಡುತ್ತಾರೆ. ಹೀರಿದರೆ ಹೊರಡುತ್ತಾರೆ. ಹೀರದಿದ್ದರೆ ಯಾರೋ ಹೊಸ ಸೊಸೆ ಭಕ್ತಿಯಿಂದ ಎಣ್ಣೆ ಹಚ್ಚಿದ್ದಾಳೆಂದು ಗೊತ್ತಾಗುತ್ತದೆ. ಅವಳನ್ನು ಯಾರೂ ಬೈಯುವುದಿಲ್ಲ; ಬಿಲ್ಲೆಯನ್ನು ಅವಳ ಕೈಯಿಂದಲೇ ಬೆಂಕಿಗೆ ಹಾಕಿಸುತ್ತಾರೆ.