ಆಮೆಬಂಡೆಗೆ ಎರಡು ಸಲ ಇಳಿದವಳು

"ಗುರುಗಳೇ, ಹೋದವರ ಜಾಗವನ್ನು ಹಾಗೆಯೇ ಬಿಟ್ಟಿಡುವುದು ಪ್ರೀತಿಯಲ್ಲವೇ?"

ನಳಿನಾಕ್ಷಿ ಹೀಗೆ ಕೇಳಿದ್ದು ಸಂಜೆಯ ಭಜನೆಗೆ ಇನ್ನೂ ಸ್ವಲ್ಪ ಹೊತ್ತಿರುವಾಗ. ಆಶ್ರಮದ ಜಗಲಿಯಲ್ಲಿ ಅವಳು ಮತ್ತು ಗುರುಗಳು ಇಬ್ಬರೇ ಇದ್ದರು. ಒಳಗೆ ಹಾಡುವವರಿಗೆಂದು ಹಾಸಿದ ಚಾಪೆ ಕಾಣುತ್ತಿತ್ತು. ಆ ಚಾಪೆಯ ಮೇಲೆ ಅವಳೂ ಅವಳ ಅಕ್ಕ ಕುಸುಮಕ್ಕನೂ ಎಷ್ಟೋ ವರ್ಷ ಜೊತೆಯಾಗಿ ಕೂತು ಹಾಡಿದ್ದರು. ಹಾಡಿನ ಭರದಲ್ಲಿ ನಳಿನಾಕ್ಷಿಯ ಲಯ ಓಡುತ್ತಿತ್ತು. ಆಗೆಲ್ಲ ಅಕ್ಕ ಯಾರಿಗೂ ಕಾಣದಂತೆ ಅವಳ ಮಂಡಿಯನ್ನು ಮೆಲ್ಲಗೆ ತಟ್ಟುತ್ತಿದ್ದಳು.

ಕುಸುಮಕ್ಕ ತೀರಿಕೊಂಡ ಮೇಲೆ ನಳಿನಾಕ್ಷಿ ಚಾಪೆಯ ಒಂದು ಬದಿಯಲ್ಲಿ ಬಂದು ಕೂರುತ್ತಿದ್ದಳು, ಆದರೆ ಹಾಡುತ್ತಿರಲಿಲ್ಲ. ಇನ್ನೊಂದು ಬದಿಗೆ ಯಾರನ್ನೂ ಸೇರಿಸುತ್ತಿರಲಿಲ್ಲ. ಅಲ್ಲಿ ಬೇರೊಂದು ದನಿ ಬಂದು ಕೂತರೆ ಅಕ್ಕನ ದನಿ ಮರೆತುಹೋದೀತೆಂಬ ಹೆದರಿಕೆ ಅವಳಿಗೆ.

ಆ ದಿನ ಬೆಳಿಗ್ಗೆ, ಹೊಸದಾಗಿ ಬಂದ ತಾರಿಣಿ ಎಂಬ ಹುಡುಗಿ ಅವಳ ಹತ್ತಿರ ಬಂದು, "ನಿಮ್ಮ ಪಕ್ಕ ಕೂತು ಹಾಡಲಾ ಅಕ್ಕಾ?" ಎಂದು ಕೇಳಿದ್ದಳು.

"ಅದು ಖಾಲಿ ಜಾಗವಲ್ಲ" ಎಂದಿದ್ದಳು ನಳಿನಾಕ್ಷಿ.

"ಸಂಜೆ ಇನ್ನೊಂದು ಸಲ ಕೇಳುತ್ತೇನೆ, ಬಯ್ಯಬೇಡಿ" ಎಂದು ಹುಡುಗಿ ಓಡಿಹೋಗಿದ್ದಳು. ಆಗಿನಿಂದ ನಳಿನಾಕ್ಷಿಗೆ ಕೂತಲ್ಲಿ ಕೂರಲಾಗಿರಲಿಲ್ಲ. ಸಂಜೆ ಏನು ಹೇಳಬೇಕೆಂದು ಅವಳಿಗೆ ತಿಳಿದಿರಲಿಲ್ಲ.

ಗುರುಗಳು ಅವಳ ಪ್ರಶ್ನೆಗೆ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. "ಕೂತುಕೋ ತಾಯಿ. ಒಬ್ಬ ಪ್ರವಾಸಿಯ ಕತೆ ಇದೆ" ಎಂದು ಶುರುಮಾಡಿದರು.

ಕಾಲೇಜು ಮುಗಿದ ವರ್ಷ ಇಬ್ಬರು ಹುಡುಗಿಯರು ಬೆನ್ನಿಗೊಂದೊಂದು ಚೀಲ ಹಾಕಿಕೊಂಡು ದ್ವೀಪಗಳನ್ನು ನೋಡಲು ಹೊರಟರು. ಒಬ್ಬಳನ್ನು ಪ್ರವಾಸಿ ಎನ್ನೋಣ, ಇನ್ನೊಬ್ಬಳನ್ನು ಅವಳ ಗೆಳತಿ ಎನ್ನೋಣ. ವರ್ಷವಿಡೀ ಬೆಚ್ಚಗಿರುವ ಸಮುದ್ರ ಅದು. ಒಂದು ದ್ವೀಪದಿಂದ ಇನ್ನೊಂದಕ್ಕೆ ದೋಣಿಯಲ್ಲಿ ಕೋಳಿಬುಟ್ಟಿಗಳ ನಡುವೆ ಕೂತು ಹೋಗುತ್ತಿದ್ದರು. ಸಿಕ್ಕಿದ ಗುಡಿಸಲಿನಲ್ಲಿ ಮಲಗುತ್ತಿದ್ದರು. ಒಗೆದ ಬಟ್ಟೆ ಒಣಗುವ ಮೊದಲೇ ಅದನ್ನು ಚೀಲಕ್ಕೆ ತುರುಕಿ ಮುಂದೆ ಹೊರಡುತ್ತಿದ್ದರು. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಕೊಡೆ. ಮಳೆ ಬಂದರೆ ಇಬ್ಬರೂ ಅರ್ಧರ್ಧ ನೆನೆಯುತ್ತಿದ್ದರು. ಊರಿಗೆ ಮರಳಿದ ಕೂಡಲೇ ಗೆಳತಿಗೆ ಮದುವೆ ಎಂದು ನಿಶ್ಚಯವಾಗಿತ್ತು. ಇಂಥ ತಿರುಗಾಟ ಮತ್ತೆ ಸಿಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಬಾಯಿಬಿಟ್ಟು ಇಬ್ಬರೂ ಹೇಳಲಿಲ್ಲ.

ಕೊನೆಯ ದ್ವೀಪದಲ್ಲಿ ಒಬ್ಬ ಮುದುಕ ಸ್ಕೂಬಾ ಡೈವಿಂಗ್ ಕಲಿಸುತ್ತಿದ್ದ. ಬೆನ್ನಿಗೆ ಗಾಳಿ ತುಂಬಿದ ಸಿಲಿಂಡರ್ ಕಟ್ಟಿಕೊಂಡು, ಬಾಯಲ್ಲಿ ಕೊಳವೆ ಕಚ್ಚಿಕೊಂಡು, ನೀರಿನ ಅಡಿಯಲ್ಲಿ ಉಸಿರಾಡುತ್ತ ತಿರುಗುವ ವಿದ್ಯೆ ಅದು. ಅದನ್ನು ಕಲಿಯದೆ ಊರಿಗೆ ಹೋಗುವುದಿಲ್ಲ ಎಂದು ಹುಡುಗಿಯರು ಹಟ ಹಿಡಿದರು. ಮುದುಕ ಮೊದಲು ಅವರನ್ನು ದಡದ ಹತ್ತಿರದ ನೀರಿನಲ್ಲೇ ಮಂಡಿಯೂರಿಸಿದ. ಕಣ್ಣಿಗೆ ಹಾಕಿದ ಮಾಸ್ಕಿನೊಳಗೆ ನೀರು ನುಗ್ಗಿದರೆ ಮೂಗಿನಿಂದ ಊದಿ ಹೊರಹಾಕುವುದನ್ನು ಕಲಿಸಿದ. ಪ್ರವಾಸಿ ಉಪ್ಪುನೀರು ಕುಡಿದು ಕೆಮ್ಮಿದಳು. ಅದನ್ನು ನೋಡಿ ನಗಲು ಹೋಗಿ ಗೆಳತಿಯೂ ಕುಡಿದಳು.

ಮುದುಕ ಎರಡು ವಿಷಯಗಳಲ್ಲಿ ಬಹಳ ಕಟ್ಟುನಿಟ್ಟು. ಜೋಡಿ ಇಲ್ಲದೆ ಯಾರೂ ನೀರಿಗಿಳಿಯುವಂತಿಲ್ಲ. ಇಳಿಯುವ ಮೊದಲು ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ಎಳೆದು ನೋಡಬೇಕು, ಒಬ್ಬರ ಗಾಳಿಯನ್ನು ಇನ್ನೊಬ್ಬರು ಸೇದಿ ನೋಡಬೇಕು. ಪ್ರತಿ ಸಿಲಿಂಡರಿಗೂ ಉಸಿರಾಡುವ ಕೊಳವೆ ಎರಡು. ಒಂದು ತನಗೆ, ಇನ್ನೊಂದು ಜೋಡಿಗೆ. ಇದು ಒಂದಾಯಿತು. ಇನ್ನೊಂದು, ಏನೇ ಬಂದರೂ ಉಸಿರು ಕಟ್ಟಬಾರದು. ಎದೆ ತುಂಬ ಗಾಳಿ ಹಿಡಿದವರು ಬೆಂಡಿನ ಹಾಗೆ ಮೇಲಕ್ಕೆ ತೇಲುತ್ತಾರೆ. ಮೇಲೇರಿದಷ್ಟೂ ಒಳಗಿನ ಗಾಳಿ ಹಿಗ್ಗುತ್ತದೆ. ಹಿಗ್ಗಿದ ಗಾಳಿ ಜೀವವನ್ನೇ ತೆಗೆಯಬಹುದು.

ಪ್ರವಾಸಿಗೆ ಕಷ್ಟವಾದದ್ದು ಈ ಎರಡನೆಯದು. ಚೆಂದದ್ದೇನಾದರೂ ಕಂಡರೆ ಅವಳು ಉಸಿರು ಹಿಡಿಯುತ್ತಿದ್ದಳು. ಮೀನಿನ ಹಿಂಡು ಕಂಡು ಉಸಿರು ಹಿಡಿದಳು, ತೇಲಿದಳು. ಹವಳದ ಗಿಡ ಕಂಡು ಉಸಿರು ಹಿಡಿದಳು, ತೇಲಿದಳು. ಯಾವುದನ್ನು ಹತ್ತಿರದಿಂದ ನೋಡಬೇಕೆಂದು ಆಸೆಪಟ್ಟಳೋ ಅದರಿಂದಲೇ ದೂರವಾದಳು.

ದಡಕ್ಕೆ ಬಂದ ಮೇಲೆ ಮುದುಕ ಗದರಿದ. "ಆಶ್ಚರ್ಯಪಡಬೇಡ ಎನ್ನುವುದಿಲ್ಲ ಮಗಳೇ. ಉಸಿರು ಬಿಡುತ್ತ ಆಶ್ಚರ್ಯಪಡು."

"ಇವಳು ಸಿನಿಮಾ ನೋಡುವಾಗಲೂ ಹೀಗೇ ತಾತ" ಎಂದಳು ಗೆಳತಿ. "ಪಕ್ಕದಲ್ಲಿ ಕೂತು ತಿವಿಯುತ್ತಿರಬೇಕು."

"ಹಾಗಾದರೆ ನೀರೊಳಗೂ ತಿವಿ. ನಿನ್ನ ಕೆಲಸ ಅದೇ."

ಹೊರಡುವ ಹಿಂದಿನ ದಿನ ಮುದುಕ ಅವರನ್ನು ಆಮೆಬಂಡೆಗೆ ಕರೆದೊಯ್ದ. ನೀರೊಳಗಿನ ಆ ಬಂಡೆಯ ಸಂದಿಯಲ್ಲಿ ದೊಡ್ಡದೊಂದು ಆಮೆ ಮಲಗುತ್ತದೆ, ಪುಣ್ಯವಿದ್ದವರಿಗೆ ಕಾಣುತ್ತದೆ ಎಂದಿದ್ದ. ಅವರು ಬಂಡೆಯ ಹತ್ತಿರ ಹೋಗುವ ಹೊತ್ತಿಗೆ ಆಮೆ ಎಚ್ಚರಗೊಂಡು ಹೊರಬಂತು. ಒಂದೇ ಸಲ ಕೈ ಬೀಸಿ, ಅವಸರವೇ ಇಲ್ಲದೆ, ಅವರತ್ತ ತೇಲಿಬಂತು. ಪ್ರವಾಸಿ ಉಸಿರು ಹಿಡಿದಳು. ಹಿಡಿದದ್ದು ಅವಳಿಗೇ ತಿಳಿಯಲಿಲ್ಲ. ಅವಳು ಮೇಲೆ ಹೋಗುತ್ತಿದ್ದಳು, ಕಣ್ಣು ಆಮೆಯಲ್ಲಿ ನೆಟ್ಟಿತ್ತು. ಅಷ್ಟರಲ್ಲಿ ಗೆಳತಿ ಕೆಳಗಿನಿಂದ ಅವಳ ಪಾದವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇನ್ನೊಂದು ಕೈಯನ್ನು ಬಾಯಿಯ ಹತ್ತಿರ ತಂದು ಹೊರಗೆ ಚಾಚಿ, ಬಿಡು, ಬಿಡು ಎಂದು ಸನ್ನೆ ಮಾಡಿದಳು. ಪ್ರವಾಸಿ ಉಸಿರು ಬಿಟ್ಟಳು. ಗುಳ್ಳೆಗಳು ಮೇಲೆ ಹೋದವು, ಅವಳು ಮೆಲ್ಲಗೆ ಕೆಳಗಿಳಿದಳು. ಆಮೆ ಅವರ ಕೆಳಗಿನಿಂದ ಹಾದು ನೀಲಿಯೊಳಗೆ ಸೇರಿಕೊಂಡಿತು.

ಊರಿಗೆ ಬಂದರು. ಗೆಳತಿಯ ಮದುವೆಯಾಯಿತು, ದೂರದ ಊರು ಸೇರಿದಳು. ಇಬ್ಬರೂ ಸಂಸಾರವಂದಿಗರಾದರು. ಮದುವೆ, ಮುಂಜಿ, ತೊಟ್ಟಿಲು ಎಂದು ಎಲ್ಲಾದರೂ ಸಿಕ್ಕಿದರೆ, ಊಟದ ಸಾಲು ಏಳುವ ತನಕ ಒಂದು ಮೂಲೆಯಲ್ಲಿ ಕೂತು ಪ್ರವಾಸಿ ಆಮೆಬಂಡೆಯ ಮಾತು ತೆಗೆಯುತ್ತಿದ್ದಳು. ಆಮೆಯ ಬೆನ್ನಿನ ಚಿತ್ತಾರ, ಮುದುಕರ ಕಣ್ಣಿನಂಥ ಅದರ ಕಣ್ಣು, ಎಲ್ಲವನ್ನೂ ಹೇಳುತ್ತಿದ್ದಳು. ಗೆಳತಿ ಕೇಳುತ್ತ ನಗುತ್ತಿದ್ದಳು. ಮಕ್ಕಳು ದೊಡ್ಡವರಾದರು, ತಲೆ ನರೆಯಿತು. ಒಂದು ವರ್ಷ ಗೆಳತಿ ತೀರಿಕೊಂಡಳು.

ಪ್ರವಾಸಿಗೆ ಆ ಬಂಡೆಯನ್ನು ಇನ್ನೊಮ್ಮೆ ನೋಡಬೇಕೆನಿಸಿತು. ಎಲ್ಲವೂ ಅಂದಿನಂತೆಯೇ ಇರಬೇಕು, ಆಮೆ ಬರಬೇಕು, ಆ ಹೊತ್ತು ಪೂರ್ತಿ ಮತ್ತೆ ತನ್ನದಾಗಬೇಕು. ಡಾಕ್ಟರು, "ಈ ವರ್ಷ ಹೋಗಿಬನ್ನಿ. ಮುಂದಿನ ವರ್ಷ ಕೇಳಿದರೆ ನಾನು ಒಪ್ಪುವುದಿಲ್ಲ" ಎಂದರು. ಅವಳು ಹಳೆಯ ಚೀಲವನ್ನೇ ಬೆನ್ನಿಗೆ ಹಾಕಿಕೊಂಡು ಒಬ್ಬಳೇ ಹೊರಟಳು. ಗೆಳತಿಯ ಮನೆಯವರನ್ನು ಕೇಳಿ, ಗೆಳತಿ ಅಂದು ಹಾಕಿಕೊಂಡಿದ್ದ ಮಾಸ್ಕನ್ನು ಜೊತೆಗೆ ಒಯ್ದಳು.

ದ್ವೀಪದಲ್ಲಿ ಮುದುಕ ಇರಲಿಲ್ಲ. ಅವನ ಮಗಳು ಕಲಿಸುತ್ತಿದ್ದಳು. ಅವಳು ಪ್ರವಾಸಿಯನ್ನು ಮತ್ತೆ ದಡದ ನೀರಿನಲ್ಲಿ ಮಂಡಿಯೂರಿಸಿ ಎಲ್ಲವನ್ನೂ ಹೊಸದಾಗಿ ಮಾಡಿಸಿದಳು. ತೃಪ್ತಿಯಾದ ಮೇಲೆ, "ನಿಮ್ಮ ಜೋಡಿ ಯಾರು?" ಎಂದು ಕೇಳಿದಳು.

ಪ್ರವಾಸಿ ತೋಳಿಗೆ ಸಿಕ್ಕಿಸಿಕೊಂಡಿದ್ದ ಮಾಸ್ಕನ್ನು ತೋರಿಸಿದಳು. "ಇವಳೇ."

"ನಡುನೀರಿನಲ್ಲಿ ನಿಮ್ಮ ಗಾಳಿ ನಿಂತರೆ ಇದು ಕೊಡುತ್ತದೆಯೇ?"

"ಆ ಜಾಗದಲ್ಲಿ ನಾನು ಬೇರೆ ಯಾರನ್ನೂ ಇಟ್ಟುಕೊಳ್ಳುವುದಿಲ್ಲ."

"ಹಾಗಾದರೆ ದಡದಲ್ಲಿರಿ" ಎಂದಳು ಮುದುಕನ ಮಗಳು. ದೋಣಿ ಅವಳನ್ನು ಬಿಟ್ಟು ಹೋಯಿತು. ಮರುದಿನವೂ ಹೋಯಿತು. ಪ್ರವಾಸಿ ಮರಳಿನ ಮೇಲೆ ಕೂತು, ತಾನು ಬಂದದ್ದು ಯಾವುದಕ್ಕೋ ಅದರ ಮೇಲೆಯೇ ದೋಣಿ ತೇಲುವುದನ್ನು ನೋಡುತ್ತಿದ್ದಳು.

ಇಲ್ಲಿ ನಳಿನಾಕ್ಷಿ ತಡೆಯಲಾರದೆ, "ಆ ಪ್ರವಾಸಿ ಮಾಡಿದ್ದು ಸರಿ" ಎಂದಳು.

ಗುರುಗಳು ತಲೆಯಾಡಿಸಿ ಕತೆ ಮುಂದುವರಿಸಿದರು.

ಊರಿಗೆ ಮರಳುವ ದಿನ ಹತ್ತಿರ ಬಂತು. ಇನ್ನು ಇಳಿಯದಿದ್ದರೆ ಎಂದೂ ಇಳಿಯುವುದಿಲ್ಲ. ಮುದುಕನ ಮಗಳು ಒಬ್ಬ ಹುಡುಗಿಯನ್ನು ಕರೆತಂದಳು. ಅವಳೂ ಬೆನ್ನಿಗೊಂದು ಚೀಲ ಹಾಕಿಕೊಂಡು ದ್ವೀಪ ದ್ವೀಪ ತಿರುಗುತ್ತಿದ್ದವಳು, ಡೈವಿಂಗಿಗೆ ಹೊಸಬಳು. ಬಾಯಿಗೆ ಬಿಡುವೇ ಇಲ್ಲ.

"ನಿಮ್ಮನ್ನು ಆಂಟಿ ಅನ್ನಲಾ, ಅಜ್ಜಿ ಅನ್ನಲಾ?"

"ಏನೂ ಅನ್ನಬೇಡ."

"ಸರಿ ಅಜ್ಜಿ."

ಪ್ರವಾಸಿ ಅವಳ ಪಟ್ಟಿಯನ್ನು ಎಳೆದು ನೋಡಿದಳು, ಅವಳ ಗಾಳಿಯನ್ನು ಸೇದಿ ನೋಡಿದಳು. ಮುಖ ಮಾತ್ರ ನೋಡಲಿಲ್ಲ. ತನಗೆ ಬೇಕಾದದ್ದು ಬಂಡೆ, ಆಮೆ. ಇವಳು ದೋಣಿಯ ಹಾಗೆ, ತಲುಪಲು ಬೇಕಾದ ಒಂದು ವಸ್ತು, ಅಷ್ಟೇ ಎಂದುಕೊಂಡಳು.

ಇಳಿದರು. ಬಂಡೆ ಅಲ್ಲೇ ಇತ್ತು. ಸಂದಿ ಅಲ್ಲೇ ಇತ್ತು. ಪ್ರವಾಸಿ ಸಾವಕಾಶವಾಗಿ ಉಸಿರಾಡುತ್ತ ಕಾದಳು. ಈಗ ಅವಳಿಗೆ ಉಸಿರು ಬಿಡುವುದು ಚೆನ್ನಾಗಿ ಬರುತ್ತಿತ್ತು. ಬಂಡೆಯ ನೆರಳಿನಲ್ಲಿ ಏನೋ ಅಲುಗಾಡಿತು. ಅವಳು ಆ ಕಡೆ ಕತ್ತು ತಿರುಗಿಸುವಷ್ಟರಲ್ಲಿ ಪಕ್ಕದಲ್ಲಿದ್ದ ಹುಡುಗಿ ಪಕ್ಕದಲ್ಲಿರಲಿಲ್ಲ. ಮೇಲೆ ಹೋಗುತ್ತಿದ್ದಳು. ಕಣ್ಣು ಅಷ್ಟಗಲ ತೆರೆದಿತ್ತು. ಬಾಯಿಂದ ಒಂದು ಗುಳ್ಳೆಯೂ ಬರುತ್ತಿರಲಿಲ್ಲ.

ಆಮೆಯೋ, ಹುಡುಗಿಯೋ ಎಂದು ಯೋಚಿಸಲು ಹೊತ್ತಿರಲಿಲ್ಲ. ಯೋಚಿಸಿದ್ದರೆ ಏನು ಮಾಡುತ್ತಿದ್ದಳೆಂದು ಅವಳಿಗೂ ತಿಳಿಯದು. ಪ್ರವಾಸಿ ಬಂಡೆಗೆ ಬೆನ್ನು ಹಾಕಿ, ಮೇಲಕ್ಕೆ ಚಿಮ್ಮಿ, ಹುಡುಗಿಯ ಪಾದವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇನ್ನೊಂದು ಕೈಯನ್ನು ಬಾಯಿಯ ಹತ್ತಿರ ತಂದು ಹೊರಗೆ ಚಾಚಿದಳು. ಬಿಡು. ಬಿಡು. ಹುಡುಗಿ ಅವಳನ್ನು ನೋಡಲೇ ಇಲ್ಲ, ಅವಳ ಹೆಗಲಿನಾಚೆ ಏನನ್ನೋ ನೋಡುತ್ತಿದ್ದಳು. ಪ್ರವಾಸಿ ಕಾಲನ್ನು ಜಗ್ಗಿದಳು, ಮತ್ತೆ ಸನ್ನೆ ಮಾಡಿದಳು. ಕೊನೆಗೊಮ್ಮೆ ಹುಡುಗಿಯ ಬಾಯಿಂದ ಗುಳ್ಳೆಗಳು ಹೊರಟವು. ಅವಳು ಇಳಿದು ಬಂದು ಪ್ರವಾಸಿಯ ತೋಳು ಹಿಡಿದುಕೊಂಡಳು. ಪ್ರವಾಸಿ ತಿರುಗಿ ನೋಡುವಾಗ ಬಂಡೆಯ ಬಳಿ ಬರೀ ನೀರಿತ್ತು.

ದೋಣಿ ಹತ್ತಿದ ಕೂಡಲೇ ಹುಡುಗಿ ಬಾಯಿಯ ಕೊಳವೆ ಕಿತ್ತು ಕೂಗಿದಳು. "ಅಜ್ಜಿ, ನೋಡಿದಿರಾ? ನಿಮ್ಮ ಬೆನ್ನ ಹಿಂದೆಯೇ ಹೋಯಿತಲ್ಲ! ಬಾಗಿಲಷ್ಟು ದೊಡ್ಡದು! ಅಯ್ಯೋ, ನೋಡಿದಿರಿ ತಾನೇ?"

ಪ್ರವಾಸಿ ಅವಳ ಮುಖವನ್ನು ಆಗ ಮೊದಲ ಸಲ ಸರಿಯಾಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಪ್ರವಾಸಿಯ ಕಣ್ಣಿನಿಂದ ನೀರಿಳಿಯುತ್ತಿತ್ತು, ಸಮುದ್ರದ್ದೋ ಅವಳದೋ ಯಾರೂ ಕೇಳಲಿಲ್ಲ.

"ಹೇಳು" ಎಂದಳು. "ಹೇಗಿತ್ತು?"

ಹುಡುಗಿ ದಡ ಮುಟ್ಟುವ ತನಕ ಹೇಳಿದಳು. ಪ್ರವಾಸಿ ಒಂದು ಮಾತೂ ಬಿಡದೆ ಕೇಳಿದಳು. ಇಳಿದ ಮೇಲೆ ಮುದುಕನ ಮಗಳ ಹತ್ತಿರ ಹೋಗಿ, "ನಾಳೆಯೂ ಇವಳನ್ನೇ ನನಗೆ ಜೋಡಿ ಮಾಡು" ಎಂದಳು. ಊರಿಗೆ ಬಂದ ಮೇಲೂ ಆ ಪ್ರಯಾಣದ ಮಾತು ಬಂದರೆ ಅವಳ ಮುಖ ಅರಳುತ್ತಿತ್ತು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಅಂಗಳದಲ್ಲಿ ಯಾರೋ ಕಾಲು ತೊಳೆಯುವ ಸದ್ದಾಯಿತು. ಭಜನೆಗೆ ಬರುವವರಲ್ಲಿ ಎಲ್ಲರಿಗಿಂತ ಮೊದಲು ಬಂದದ್ದು ತಾರಿಣಿ. ಮೆಟ್ಟಿಲ ಬಳಿ ನಿಂತು ಒಳಗೆ ಬರಲೋ ಬೇಡವೋ ಎಂದು ನೋಡುತ್ತಿದ್ದಳು. ನಳಿನಾಕ್ಷಿ ಅವಳನ್ನು ಕಂಡೂ ಕಾಣದವಳಂತೆ ಗುರುಗಳ ಕಡೆ ತಿರುಗಿದಳು.

"ಇದೆಂಥ ಕತೆ ಗುರುಗಳೇ? ಅಷ್ಟು ದೂರ ಹೋಗಿ ಅವಳು ಆಮೆಯನ್ನು ನೋಡಲೇ ಇಲ್ಲವಲ್ಲ. ಗೆಳತಿಯ ಜೊತೆ ಕಂಡದ್ದನ್ನು ಯಾವಳೋ ಹುಡುಗಿಗೋಸ್ಕರ ಕಳೆದುಕೊಂಡು ಬಂದಳಲ್ಲ. ಅವಳಿಗೆ ಎಲ್ಲಿಯ ಸಂತೋಷ?"

ಗುರುಗಳು ಮೆಲ್ಲಗೆ ಹೇಳಿದರು, "ಅಂದು ಅವಳ ಗೆಳತಿಯೂ ಆಮೆಯನ್ನು ನೋಡಿರಲಿಲ್ಲ, ತಾಯಿ."

ನಳಿನಾಕ್ಷಿ ಮೆಟ್ಟಿಲ ಕಡೆ ತಿರುಗಿ, "ಒಳಗೆ ಬಾ ತಾರಿಣಿ" ಎಂದಳು.