ಪಂಚಮಿಗೆ ಹೊಲಿದ ಕೌದಿ

ಬಿಳಿಕಲ್ಲೂರು ನೇಕಾರರ ಊರು. ಊರಿನ ಪಡುವಣ ಅಂಚಿಗೆ, ಹಳೆಯ ಬೇವಿನ ಮರದ ಕೆಳಗೆ, ಮಣ್ಣಿನ ಗೋಡೆಯ ಚಿಕ್ಕ ಮಠವೊಂದಿದೆ. ಒಳಗೆ ಎರಡು ಕೋಣೆ, ಹೊರಗೆ ಉದ್ದನೆಯ ಕಟ್ಟೆ. ಪೂಜ್ಯ ಶ್ರೀ ಸದಾಶಾಂತ ಅಜ್ಜನವರು ಮೂವತ್ತೆಂಟು ವರ್ಷ ಇದೇ ಕಟ್ಟೆಯ ಮೇಲೆ ಕುಳಿತು ಬಂದವರನ್ನು ಹರಸಿದರು. ಮುಂಜಾನೆಯ ಲಿಂಗಪೂಜೆ ಮುಗಿಯಿತೆಂದರೆ ಅವರ ಕೈಗೆ ಸೂಜಿ ಬರುತ್ತಿತ್ತು. ಪೂರ್ವಾಶ್ರಮದಲ್ಲಿ ಅವರು ದರ್ಜಿಯ ಮನೆಯ ಮಗ. ಕಾವಿ ಧರಿಸಿದ ಮೇಲೂ ಸೂಜಿಯನ್ನು ಬಿಡಲಿಲ್ಲ. ಭಕ್ತರು ಹೊದಿಸಿದ ಶಾಲು ಸಂಜೆಯೊಳಗೆ ಯಾವುದೋ ಬಾಣಂತಿಯ ಮನೆ ಸೇರುತ್ತಿತ್ತು. ಯಾರಾದರೂ ಹರಿದ ಬಟ್ಟೆ ತಂದರೆ ಮಾತ್ರ ಅಜ್ಜನವರ ಮುಖ ಅರಳುತ್ತಿತ್ತು. ಅದನ್ನು ಒಗೆಸಿ, ಒಣಗಿಸಿ, ತುಂಡುಗಳನ್ನು ಜೋಡಿಸಿ, ಪದರದ ಮೇಲೆ ಪದರ ಇಟ್ಟು ಕೌದಿ ಹೊಲಿಯುತ್ತಿದ್ದರು. ಅವರು ಹೊಲಿದ ಕೌದಿಯ ಮೇಲೆ ಮಲಗದ ಕೂಸು ಆ ಊರಲ್ಲಿ ಇರಲಿಲ್ಲವೆಂದರೆ ಹೆಚ್ಚಲ್ಲ.

ಈ ಪ್ರಸಂಗವನ್ನು ನನಗೆ ಹೇಳಿದವರು ನೇಕಾರ ಕಳಕಪ್ಪನವರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಇದು ನಡೆದಾಗ ಅವರು ಇಪ್ಪತ್ತೇಳರ ತರುಣ.

ಕಳಕಪ್ಪನಿಗೆ ಇದ್ದವಳು ಒಬ್ಬಳೇ ತಂಗಿ, ಗಿರಿಜವ್ವ. ಅವಳಿಗೆ ಆರು ವರ್ಷವಿದ್ದಾಗಲೇ ತಾಯಿ ತೀರಿಕೊಂಡರು, ಮರುವರ್ಷ ತಂದೆ. ಅಣ್ಣನೇ ಅವಳ ಹೆರಳು ಹಾಕಿದ, ರೊಟ್ಟಿ ಮುರಿದು ತಿನ್ನಿಸಿದ, ಮಗ್ಗದ ಪಕ್ಕದಲ್ಲಿ ಕೂರಿಸಿಕೊಂಡು ಬೆಳೆಸಿದ. ಆ ವರ್ಷದ ಬೇಸಿಗೆಯಲ್ಲಿ ಅವಳ ಮದುವೆಯಾಯಿತು. ಹೊಸಹೊಳೆ ಊರಿನ ಬೀಗರು ಸ್ವಂತದ ಆರು ಮಗ್ಗ ಇಟ್ಟವರು. ಕೈಲಿದ್ದದ್ದನ್ನೆಲ್ಲ ಹಾಕಿ ಕಳಕಪ್ಪ ಮದುವೆ ಮಾಡಿಕೊಟ್ಟ.

ಆಮೇಲೆ ಆಷಾಢದ ಮಳೆ ಬಂತು. ಮಗ್ಗದ ಕುಣಿಯಲ್ಲಿ ನೀರು ನಿಂತಿತು. ಕಾಲಿಟ್ಟು ತುಳಿಯುವ ಜಾಗವೇ ಕೆಸರಾದರೆ ನೇಯುವುದು ಹೇಗೆ? ಕೆಲಸ ನಿಂತಿತು. ಅಷ್ಟರಲ್ಲಿ ನಾಗರ ಪಂಚಮಿ ಹತ್ತಿರ ಬಂತು. ಆ ಸೀಮೆಯಲ್ಲಿ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಮದುವೆಯಾದ ಮೊದಲ ವರ್ಷವಂತೂ ಅಣ್ಣನಾದವನು ಹೋಗಿ ತಂಗಿಯನ್ನು ಕರೆದುಕೊಂಡು ಬರಬೇಕು, ಬಗೆಬಗೆಯ ಉಂಡಿ ಕಟ್ಟಬೇಕು, ಜೋಕಾಲಿ ಆಡಿಸಬೇಕು, ಹೊಸ ಸೀರೆ ಉಡಿಸಿ ಕಳಿಸಬೇಕು. ವರ್ಷವಿಡೀ ಮಂದಿಯ ಮದುವೆಗೆ ಸೀರೆ ನೇಯ್ದ ಕೈಗೆ ತನ್ನ ತಂಗಿಗೆ ಒಂದು ಸೀರೆ ಒದಗಲಿಲ್ಲ. ಅದು ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಪಂಚಮಿಗೆ ಇನ್ನು ಹದಿನೈದು ದಿನ ಇದ್ದಾಗ ಕಳಕಪ್ಪ ಮಠಕ್ಕೆ ಬಂದ. ಅಜ್ಜನವರ ದರ್ಶನಕ್ಕೆಂದು ಬಂದವನಲ್ಲ. ಸ್ವಾಮಿಗಳಿಂದ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವ ಜಾತಿಯವನು ಅವನು. ಹೊಸಹೊಳೆಗೆ ನೂಲು ಒಯ್ಯುವ ಗಾಡಿಯ ಹುಚ್ಚೀರಪ್ಪ ಆ ಹೊತ್ತಿಗೆ ಮಠದ ಮುಂದೆ ಎತ್ತು ಬಿಟ್ಟು ಕೂರುವುದು ರೂಢಿ. ಅವನನ್ನು ಹುಡುಕಿಕೊಂಡು ಬಂದಿದ್ದ. ಹೆಗಲ ಮೇಲೆ ಮೂರು ವರ್ಷದ ಮಗಳು ಪಾರಿ, ಕೈಯಲ್ಲಿ ಚುರುಮುರಿ ಹಿಡಿದುಕೊಂಡು ಮೆಲ್ಲುತ್ತ ಕುಳಿತಿದ್ದಳು.

"ಹುಚ್ಚೀರಪ್ಪ, ಹೊಸಹೊಳಿಗೆ ಹೋದಾಗ ನಮ್ಮ ಗಿರಿಜಾಗ ಒಂದು ಮಾತ ಮುಟ್ಟಿಸು. ಈ ಸರ್ತಿ ಪಂಚಮಿಗೆ ಕರಿಯಾಕ ಬರಾಕ ಆಗೂದಿಲ್ಲ ಅಂತ ಹೇಳು."

"ಮೊದಲನೇ ಪಂಚಮಿ ಅಲ್ಲೇನೋ! ಯಾಕಂತ ಕೇಳಿದ್ರ ಏನ್ ಹೇಳ್ಲಿ?"

ಕಳಕಪ್ಪ ಕಾರಣವನ್ನು ಯೋಚಿಸಿಕೊಂಡು ಬಂದಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ: "ಕೂಸಿಗೆ ಮೈಮ್ಯಾಲ ಅಮ್ಮ ಎದ್ದೈತಿ, ಮೈ ತುಂಬ ಗುಳ್ಳಿ ಅಂತ ಹೇಳು."

ಕಟ್ಟೆಯ ಮೇಲೆ ತಲೆ ಬಗ್ಗಿಸಿ ಹೊಲಿಯುತ್ತಿದ್ದ ಅಜ್ಜನವರು ಕಣ್ಣೆತ್ತಿದರು. "ಯಾವ ಕೂಸಿಗೋ ತಮ್ಮಾ? ನಿನ್ನ ಹೆಗಲ ಮ್ಯಾಲ ಚುರುಮುರಿ ತಿನ್ನಾಕ ಹತ್ತೇತಲ್ಲ, ಅದಕ್ಕೇನು?"

ಹುಚ್ಚೀರಪ್ಪ ನಗು ತಡೆಯಲಾರದೆ ಮುಖ ತಿರುಗಿಸಿದ. ಪಾರಿ ತನ್ನ ವಿಷಯವೆಂದು ತಿಳಿದು ಅಜ್ಜನವರಿಗೂ ಒಂದು ಹಿಡಿ ಚುರುಮುರಿ ಚಾಚಿದಳು. ಅಜ್ಜನವರು ಎರಡೂ ಕೈಯೊಡ್ಡಿ, ಪ್ರಸಾದ ತೆಗೆದುಕೊಳ್ಳುವಂತೆ ಅದನ್ನು ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಕಳಕಪ್ಪನ ಮುಖ ಮಾತ್ರ ಕಪ್ಪಿಟ್ಟಿತು.

"ನಿಮಗ ನಗಿ, ಅಜ್ಜಾರ. ಸೀರಿ ಇಲ್ದ, ಉಂಡಿ ಇಲ್ದ ತಂಗೀನ ಹ್ಯಾಂಗ ಕರೀಲಿ? ಬೀಗರ ಮುಂದ ಆಕಿ ತಲಿ ತಗ್ಗಬೇಕೇನು? ಅದಕ್ಕಿಂತ ಒಂದು ಸುಳ್ಳ ಹೇಳೂದು ಛಲೋ."

ಅಜ್ಜನವರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಹೇಳಿದರು: "ಬಡತನದ ಮ್ಯಾಲ ಸುಳ್ಳ ಹೊಚ್ಚಬ್ಯಾಡ, ತಮ್ಮಾ. ತಂಗಿಗೆ ಒಂದು ಕೌದಿ ಹೊಚ್ಚು. ಮಗ್ಗ ನಿಂತೈತಿ, ಕೈ ನಿಂತಿಲ್ಲಲ್ಲ. ಮನ್ಯಾಗ ಹಳೀ ಅರಬಿ ಎಷ್ಟ ಅದಾವ, ಎಲ್ಲಾ ತಗೊಂಡು ಬಾ."

ಕಳಕಪ್ಪ ಮಗಳನ್ನು ಹೆಗಲ ಮೇಲೆ ಸರಿಮಾಡಿಕೊಂಡು ಹೊರಟುಹೋದ. ಆದರೆ ಹುಚ್ಚೀರಪ್ಪನ ಬಳಿ ಕಳಿಸಬೇಕಾಗಿದ್ದ ಆ ಮಾತನ್ನು ಮತ್ತೆ ಹೇಳಲು ಅವನಿಗೆ ನಾಲಿಗೆ ಹೊರಳಲಿಲ್ಲ; ಅದು ಹೊಸಹೊಳೆಗೆ ಮುಟ್ಟಲಿಲ್ಲ.

ಮನೆಯಲ್ಲಿ ಹೆಂಡತಿ ದ್ಯಾಮವ್ವ ಎಲ್ಲ ಕೇಳಿ, ಅಟ್ಟದಿಂದ ಗಂಟೊಂದನ್ನು ಇಳಿಸಿದಳು. ಅತ್ತೆ ಉಟ್ಟು ಸವೆಸಿದ ಹಸಿರು ಸೀರೆ, ಮಾವನ ಕೆಂಪು ರುಮಾಲು, ಗಿರಿಜವ್ವ ಚಿಕ್ಕವಳಿದ್ದಾಗ ಉಟ್ಟಿದ್ದ ಪರಕಾರ, ಒಂದೆರಡು ಧೋತರ. "ಅಜ್ಜಾರು ಹೇಳಿದ್ದು ಮಾಡ್ರಿ. ಉಂಡಿ ನಾ ನೋಡ್ಕೋತೀನಿ. ಜ್ವಾಳ ಐತಿ, ಎರಡು ಅಚ್ಚು ಬೆಲ್ಲ ಐತಿ. ಅಳ್ಳು ಹುರದು ಹಿಟ್ಟು ಮಾಡಿ ಉಂಡಿ ಕಟ್ಟತೀನಿ. ಐದು ನಮೂನಿ ಆಗದಿದ್ರ ಒಂದ ನಮೂನಿ. ಗಿರಿಜಾ ಏನ್ ಹೊರಗಿನಾಕೆ?"

ಮರುದಿನ ಕಳಕಪ್ಪ ಗಂಟು ಹೊತ್ತು ಮಠಕ್ಕೆ ಬಂದ. ಮನಸ್ಸಿಲ್ಲದ ಮನಸ್ಸಿನಿಂದಲೇ ಬಂದ. ಅಜ್ಜನವರು ತಾವೇ ಅವನ ಜೊತೆ ಕುಳಿತು ಸವೆದ ಭಾಗ ಕತ್ತರಿಸಿ ತೆಗೆದರು, ಗಟ್ಟಿ ಇದ್ದ ತುಂಡುಗಳನ್ನು ಹಾಸಿದರು, ಅಂಚಿನಿಂದ ಒಳಮುಖವಾಗಿ ಸಾಲುಸಾಲಾಗಿ ಹೊಲಿಗೆ ಹಾಕುವುದನ್ನು ತೋರಿಸಿಕೊಟ್ಟರು. ದಾರವನ್ನು ಕೊಂಡು ತರಲಿಲ್ಲ. ಉದ್ದನೂಲಿನ ಹಾಸು ಮುಗಿದಾಗ ಮಗ್ಗದಲ್ಲಿ ಉಳಿಯುವ ತುಂಡುನೂಲನ್ನು ಕಳಕಪ್ಪ ಮೂಲೆಯ ಗಡಿಗೆಯಲ್ಲಿ ತುರುಕಿಟ್ಟಿದ್ದ. ಕೆಂಪು, ಹಳದಿ, ನೀಲಿ. ಮೂರು ಮೂರು ಎಳೆ ಸೇರಿಸಿ ಹೊಸೆದರೆ ಗಟ್ಟಿ ದಾರವಾಯಿತು.

ಲಾಳಿ ಎಸೆಯುವುದರಲ್ಲಿ ಪಳಗಿದ ಕೈ ಸೂಜಿಯಲ್ಲಿ ಎಡವುತ್ತಿತ್ತು. ಬೆರಳ ತುದಿಗಳೆಲ್ಲ ತೂತಾದವು. ಅಜ್ಜನವರು ಮಾತ್ರ ವಕ್ರವಾದ ಸಾಲನ್ನು ನೋಡಿ, "ಇರ್ಲಿ, ಬಿಚ್ಚಬ್ಯಾಡ. ನೀನ ಹೊಲದದ್ದು ಅಂತ ಗೊತ್ತಾಗಬೇಕಲ್ಲ" ಎನ್ನುತ್ತಿದ್ದರು.

ಆರನೆಯ ದಿನ ಕಟ್ಟೆಯ ಮುಂದೆ ಹೋಗುತ್ತಿದ್ದ ಇಬ್ಬರು ನೇಕಾರರು ನಿಂತು ನೋಡಿದರು. ಒಬ್ಬ ಕೂಗಿ ಹೇಳಿದ: "ಏನೋ ಕಳಕಾ, ಮುದುಕೇರ ಕೆಲಸ ಹಿಡದಿ? ತಂಗಿಗೆ ಪಂಚಮಿಗೆ ಚಿಂದಿ ಹೊಚ್ಚಿ ಕಳಸ್ತೀಯೇನು?" ಅವರು ನಗುತ್ತ ಹೋದರು. ಕಳಕಪ್ಪನಿಗೆ ಅದು ಎದೆಗೆ ನಾಟಿತು. ಅರ್ಧ ಹೊಲಿದ ಕೌದಿಯನ್ನು ಎತ್ತಿ ಕಟ್ಟೆಯ ಕೆಳಗೆ ಎಸೆದ. ಸಿಟ್ಟಿನಲ್ಲಿ, ಆಡಬಾರದ ಮಾತನ್ನೂ ಆಡಿಬಿಟ್ಟ.

"ನಿಮಗೇನ್ರಿ ಗೊತ್ತು! ಕಾವಿ ತೊಟ್ಟು ಕುಂತವರು ನೀವು. ನಿಮ್ಮನ್ನ ಯಾರು ಸೀರಿ ಕೇಳ್ತಾರ, ಯಾರು ಉಂಡಿ ಕೇಳ್ತಾರ? ಬರಿಗೈಲಿ ತಂಗಿ ಮುಂದ ನಿಂದ್ರೂದು ಅಂದ್ರ ಏನಂತ ನಿಮಗೇನು ಗೊತ್ತು?"

ಅಜ್ಜನವರು ಕೋಪಗೊಳ್ಳಲಿಲ್ಲ. ಮೆಲ್ಲಗೆ ಕಟ್ಟೆಯಿಂದ ಇಳಿದು, ಕೌದಿಯನ್ನು ಎತ್ತಿ, ಅಂಟಿದ ಮಣ್ಣನ್ನು ತಮ್ಮ ಕಾವಿಯ ಸೆರಗಿನಿಂದ ಒರೆಸಿದರು. ಮತ್ತೆ ಬಂದು ಕುಳಿತರು. ಸೂಜಿಗೆ ಹೊಸ ದಾರ ಪೋಣಿಸಿದರು.

"ನನಗೊಬ್ಬಾಕಿ ಅಕ್ಕ ಇದ್ಲು, ತಮ್ಮಾ," ಎಂದರು. "ಒಂದು ಪಂಚಮಿಗೆ ನಾ ಕರಿಯಾಕ ಹೋಗಲಿಲ್ಲ. ಕೈಯಾಗ ಏನೂ ಇಲ್ಲ, ಹ್ಯಾಂಗ ಹೋಗ್ಲಿ ಅಂತ. ಆಕಿ ಊರ ಮುಂದಿನ ಬಾಂವಿ ತನಕ ಬಂದು ಬಂದು ದಾರಿ ನೋಡಿದ್ಲಂತ. ಮುಂದಿನ ಪಂಚಮಿಗೆ ನನ್ನ ಕೈಯಾಗ ಎಲ್ಲಾ ಇತ್ತು. ಆಕಿ ಇರಲಿಲ್ಲ."

ಇಷ್ಟೇ ಹೇಳಿದರು. ತಮ್ಮ ಪೂರ್ವಾಶ್ರಮದ ಕುರಿತು ಅಜ್ಜನವರು ಬಾಯಿ ತೆರೆದದ್ದು ಅದೊಂದೇ ಸಲವೆಂದು ಹಿರಿಯರು ಹೇಳುತ್ತಾರೆ. ಅವರ ಕಣ್ಣಂಚು ಒದ್ದೆಯಾಗಿತ್ತು. ಆದರೂ ಬೆರಳುಗಳು ಆಗಲೇ ಸೂಜಿ ಹಿಡಿದು ಮುಂದಿನ ಸಾಲು ಹೊಲಿಯುತ್ತಿದ್ದವು.

ಕಳಕಪ್ಪ ಅವರ ಪಾದ ಹಿಡಿದುಕೊಂಡು ಅತ್ತ. ಅಜ್ಜನವರು ಅವನ ತಲೆ ಸವರಿ, "ಅಳೂದು ಸಾಕು. ಆ ಕಡೆ ಅಂಚು ಹಿಡಿ, ಸುಕ್ಕಾಗಾಕ ಹತ್ತೈತಿ" ಎಂದರು.

ಅಂದಿನಿಂದ ಕಳಕಪ್ಪ ಬೆಳಗ್ಗೆ ಕುಳಿತರೆ ದೀಪ ಹಚ್ಚುವ ಹೊತ್ತಿಗೆ ಏಳುತ್ತಿದ್ದ. ಮನೆಗೆಲಸ ಮುಗಿಸಿ ದ್ಯಾಮವ್ವನೂ ಬಂದು ಇನ್ನೊಂದು ಬದಿಯಿಂದ ಹೊಲಿದಳು. ತಾಯಿಯ ಹಸಿರು ಸೀರೆ ಅಂಚಾಯಿತು. ಅಪ್ಪನ ರುಮಾಲು ನಡುವೆ ಚೌಕವಾಗಿ ಕೂತಿತು. ಅದರ ಸುತ್ತ ಪರಕಾರದ ಹೂವಿನ ತುಂಡುಗಳು. ಕೊನೆಯ ಮೂಲೆಯನ್ನು ಹೊಲಿಯುವ ಮುನ್ನ ಅಜ್ಜನವರು ನಾಲ್ಕು ಜೋಳದ ಕಾಳು ತರಿಸಿ ಒಳಗೆ ಹಾಕಿ, "ಕೌದಿನೂ ಹಸದಿರಬಾರದು" ಎಂದು ನಕ್ಕರು.

ಪಂಚಮಿಯ ಹಿಂದಿನ ದಿನ ಕಳಕಪ್ಪ ಹೊಸಹೊಳೆಗೆ ಹೊರಟ. ಕೌದಿ ಹಬ್ಬದ ದಿನಕ್ಕೆಂದು ಮನೆಯಲ್ಲೇ ಉಳಿಯಿತು; ಕೈಯಲ್ಲಿ ದ್ಯಾಮವ್ವ ಕಟ್ಟಿದ ಅಳ್ಳಿಟ್ಟಿನ ಉಂಡಿಯ ಬುಟ್ಟಿ ಮಾತ್ರ ಇತ್ತು. ದಾರಿಯುದ್ದಕ್ಕೂ ಬೀಗತಿ ನೀಲಗಂಗವ್ವನವರ ಮುಖವೇ ಕಣ್ಣ ಮುಂದೆ. ಎತ್ತರದ ಆಳು, ಮೂಗುತಿಯ ಮುಖ, ಮಾತಿಗೆ ಮೊದಲು ಕಣ್ಣಲ್ಲೇ ಅಳೆಯುವ ಹೆಂಗಸು. ಬಾಗಿಲಲ್ಲಿ ಅವರೇ ನಿಂತಿದ್ದರು. ಕಳಕಪ್ಪ ಬುಟ್ಟಿ ಇಳಿಸಿದ. ತಲೆ ತಗ್ಗಿಸದೆ ಹೇಳಿದ:

"ಅತ್ತೀ, ಮಗ್ಗದಾಗ ನೀರು ನಿಂತು ಕೆಲಸ ಇಲ್ಲ. ಈ ಸರ್ತಿ ಸೀರಿ ತರಾಕ ಆಗಿಲ್ಲ. ಇದೊಂದು ನಮೂನಿ ಉಂಡಿ ಅಷ್ಟ ತಂದೀನಿ. ತಂಗೀನ ಕರಕೊಂಡು ಹೋಗಾಕ ಬಂದೀನಿ."

ನೀಲಗಂಗವ್ವನವರು ಅವನನ್ನೊಮ್ಮೆ, ಬುಟ್ಟಿಯನ್ನೊಮ್ಮೆ ನೋಡಿದರು. ಬಗ್ಗಿ ಒಂದು ಉಂಡಿ ತೆಗೆದುಕೊಂಡು ಅಲ್ಲಿಯೇ ನಿಂತು ಕಚ್ಚಿದರು.

"ಅಳ್ಳಿಟ್ಟಿಂದು! ನಮ್ಮವ್ವ ಇದನ್ನ ಕಟ್ಟತಿದ್ಲು," ಎಂದರು. ಆಮೇಲೆ ದನಿ ಏರಿಸಿದರು. "ಸೀರಿ ಯಾರು ಕೇಳ್ಯಾರೋ ನಿನ್ನ? ಮೂರು ದಿನ ಆತು, ಈ ಹುಡುಗಿ ಬಾಗಲ ಬಿಟ್ಟು ಸರದಿಲ್ಲ. ಕೂಳು ಉಂಡಿಲ್ಲ ಸರಿಯಾಗಿ. ಕರಕೊಂಡು ಹೋಗು ಮೊದಲ!"

ಅವರ ಬೆನ್ನ ಹಿಂದೆಯೇ ಗಿರಿಜವ್ವ ನಿಂತಿದ್ದಳು. ಬಟ್ಟೆಯ ಗಂಟು ಆಗಲೇ ಅವಳ ಕಂಕುಳಲ್ಲಿತ್ತು.

ಹಬ್ಬದ ದಿನ ಹುತ್ತಕ್ಕೆ ಹಾಲೆರೆದು ಬಂದ ಮೇಲೆ ಕಳಕಪ್ಪ ತಂಗಿಯನ್ನು ಮಣೆಯ ಮೇಲೆ ಕೂರಿಸಿ ಕೌದಿಯನ್ನು ಅವಳ ಹೆಗಲಿಗೆ ಹೊಚ್ಚಿದ. ಸೀರೆಯ ಬದಲು ಇದು ಎಂದು ಏನೋ ಹೇಳಲು ಹೋದ. ಅವಳು ಕೇಳಿಸಿಕೊಳ್ಳಲಿಲ್ಲ. ಹಸಿರು ಅಂಚನ್ನು ಎರಡೂ ಕೈಯಲ್ಲಿ ಮುಖಕ್ಕೆ ಒತ್ತಿಕೊಂಡು ಹಾಗೇ ಕುಳಿತಳು. ದ್ಯಾಮವ್ವ ಹತ್ತಿರ ಬಂದು ಬೆನ್ನ ಮೇಲೆ ಕೈಯಿಟ್ಟಾಗ ಅವಳು ಹೇಳಿದಳು:

"ಅಣ್ಣಾ, ನನ್ನ ಪೆಟಿಗ್ಯಾಗ ಏಳು ಸೀರಿ ಅದಾವ. ಒಂದರಾಗೂ ಅವ್ವ ಇಲ್ಲ."

ಆಮೇಲೆ ಒಂದೊಂದೇ ತುಂಡನ್ನು ಮುಟ್ಟಿ, "ಇದು ಅಪ್ಪಂದು, ಇದು ನಂದು" ಎಂದು ಪಾರಿಗೆ ತೋರಿಸಿದಳು. ವಕ್ರವಾದ ಸಾಲು ಕಂಡು ಅಳುತ್ತಲೇ ನಕ್ಕಳು. "ಇದನ್ನ ಯಾರು ಹೊಲದ್ರು ಅಂತ ಕೇಳೂದ ಬ್ಯಾಡ!" ಆ ಮಧ್ಯಾಹ್ನ ಅಜ್ಜನವರ ಅಪ್ಪಣೆಯಿಂದ ಮಠದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದರು. ಗಿರಿಜವ್ವ ಜೀಕುವುದನ್ನು ನೋಡುತ್ತ ಅಜ್ಜನವರು ಕಟ್ಟೆಯ ಮೇಲೆ ಸೂಜಿಯಿಲ್ಲದೆ ಕುಳಿತಿದ್ದರು. ಹಾಗೆ ಬರಿಗೈಲಿ ಅವರು ಕುಳಿತದ್ದನ್ನು ಕಳಕಪ್ಪ ಅದೇ ಮೊದಲು ನೋಡಿದ್ದಂತೆ.

ಮರುವರ್ಷ ಮಳೆ ಹದವಾಗಿತ್ತು, ಮಗ್ಗ ನಿಲ್ಲಲಿಲ್ಲ. ಕಳಕಪ್ಪ ಅಜ್ಜನವರ ಬಳಿಗೆ ಹೋಗಿ ಅಳುಕುತ್ತ ಕೇಳಿದ: "ಯಪ್ಪಾ, ಈ ಸರ್ತಿ ಕೈಯಾಗ ರೊಕ್ಕ ಐತ್ರಿ. ತಂಗಿಗೆ ಸೀರಿ ಕೊಡ್ಲ್ಯಾ?"

"ಕೊಡೋ ಮಾರಾಯ! ಬ್ಯಾಡ ಅಂದವರ್ಯಾರು?" ಎಂದು ಅಜ್ಜನವರು ಮೈ ಕುಲುಕಿಸಿ ನಕ್ಕರು. "ನೀನ ನೇಯ್ದು ಕೊಡು. ಕೊಡೂ ಕೈ, ತಗೊಳ್ಳೂ ಕೈ ಎರಡೂ ಚೊಕ್ಕ ಇರ್ತಾವ."

ಸೀರೆಯೂ ಆಯಿತು, ಹಬ್ಬವೂ ಆಯಿತು. ಆದರೆ ಆ ವರ್ಷದ ಆಷಾಢದಲ್ಲಿ ಮಗ್ಗ ಇಳಿದು ಸಂಜೆ ಕೌದಿ ಹೊಲಿಯಲು ಬರುತ್ತಿದ್ದ ಕಳಕಪ್ಪ ಮಠದ ಕಟ್ಟೆಯ ಮೇಲೆ ಒಬ್ಬನೇ ಇರಲಿಲ್ಲ. ಹಿಂದಿನ ವರ್ಷ ಅವನನ್ನು ನೋಡಿ ನಕ್ಕಿದ್ದ ಇಬ್ಬರಲ್ಲಿ ಒಬ್ಬನ ಮಗ್ಗಕ್ಕೆ ಆ ಸಲ ಕೆಲಸ ಸಿಕ್ಕಿರಲಿಲ್ಲ. ಅವನು ಹರಿದ ಅರಿವೆಯ ಗಂಟು ಹಿಡಿದು, ಕಟ್ಟೆಯ ಕೆಳಗೆ ತಲೆ ತಗ್ಗಿಸಿ ನಿಂತಿದ್ದ. ಅಜ್ಜನವರು ಏನನ್ನೂ ಕೇಳಲಿಲ್ಲ. ಕಳಕಪ್ಪನ ಕಡೆ ನೋಡಿದರು. ಕಳಕಪ್ಪ ಎದ್ದು ಅವನ ಗಂಟನ್ನು ಇಸಿದುಕೊಂಡು, ಪಕ್ಕದಲ್ಲಿ ಜಾಗ ಮಾಡಿ, ತನ್ನ ಕೈಯಾರೆ ಸೂಜಿ ಪೋಣಿಸಿ ಕೊಟ್ಟ.

ಅಜ್ಜನವರು ಲಿಂಗೈಕ್ಯರಾಗಿ ಬಹಳ ವರ್ಷಗಳ ನಂತರ ನಾನು ಕಳಕಪ್ಪನವರನ್ನು ಕೇಳಿದೆ: ಪೂಜ್ಯರು ಪವಾಡವನ್ನೇನಾದರೂ ಮಾಡಿದ್ದನ್ನು ತಾವು ಕಂಡಿದ್ದೀರಾ?

"ಪವಾಡ ಗಿವಾಡ ನನಗ ಗೊತ್ತಿಲ್ರಿ," ಎಂದರು ಅವರು. "ಬೀಗರ ಬಾಗಲದಾಗ ಖಾಲಿ ಕೈಲಿ ನಿಂತು ನಾ ಖರೇ ಮಾತು ಆಡಿದೆ. ಅದು ನನ್ನ ಕೈಲಿ ಆಗೂ ಕೆಲಸ ಆಗಿರಲಿಲ್ರಿ."